ಎಣಿಕೆ ಬುಧವಾರ

ಡೆಟ್ರಾಯ್ಟಿನಲ್ಲಿ ಮಕ್ಕಳಿಗೆ ವರ್ಷಕ್ಕೆ ಒಂದೇ ದಿನ ಬೆಲೆ. ಅಕ್ಟೋಬರಿನ ಮೊದಲನೇ ಬುಧವಾರ. ಅವತ್ತು ಯಾವ ಮಗು ಯಾವ ಶಾಲೆಯಲ್ಲಿ ಕುಂಡಿ ಊರಿ ಕೂತಿರುತ್ತದೋ, ಆ ಮಗುವಿನ ಪಾಲಿನ ಸರ್ಕಾರಿ ದುಡ್ಡು ಆ ಶಾಲೆಗೆ. ಮಾರನೇ ದಿನ ಅದೇ ಮಗು ಕಿಟಕಿಯಿಂದ ಹಾರಿ ಓಡಿಹೋದರೂ ದುಡ್ಡು ಮಾತ್ರ ಅಲ್ಲೇ ಉಳಿಯುತ್ತದೆ. ಹಾಗಾಗಿ ಆ ಒಂದು ದಿನ ಊರಿನ ಹೆಡ್‌ಮಾಸ್ತರರಿಗೆಲ್ಲ ಮಕ್ಕಳ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿಬರುತ್ತದೆ. ಬೆಳಿಗ್ಗೆ ಪ್ಯಾನ್‌ಕೇಕು, ಮಧ್ಯಾಹ್ನ ಪಿಜ್ಜಾ, ಸಂಜೆ ಲಾಟರಿ ಎತ್ತಿ ಸೈಕಲ್ಲು. ಜ್ವರ ಬಂದ ಮಗುವನ್ನೂ ಕಂಬಳಿ ಸಮೇತ ಹೊತ್ತು ತಂದು ಕೂರಿಸುತ್ತಾರೆ.

ಕಾರ್ವಿನ್ ಶಾಲೆಯ ಹೆಡ್‌ಮಿಸ್ಸು ವರ್ನೆಲ್ ಪೆಟಿಫೋರ್ಡ್ ಮೇಡಂ ಇಂಥ ಬುಧವಾರಗಳನ್ನು ಅರೆದು ಕುಡಿದವರು. ಅವರು ಓದಿದ್ದೂ ಅದೇ ಶಾಲೆ. ಅವರು ಚಿಕ್ಕವರಿದ್ದಾಗ ಮೂರು ಮಹಡಿಯೂ ತುಂಬಿ, ಮಕ್ಕಳನ್ನು ಮೆಟ್ಟಿಲ ಕೆಳಗೂ ಕೂರಿಸುತ್ತಿದ್ದರಂತೆ. ಈಗ ಮೂರನೇ ಮಹಡಿಯಲ್ಲಿ ಪಾರಿವಾಳಗಳು ಸಂಸಾರ ಮಾಡಿಕೊಂಡಿದ್ದವು. ಅವುಗಳಿಗೆ ಸರ್ಕಾರ ದುಡ್ಡು ಕೊಡುವುದಿಲ್ಲ ಅನ್ನುವುದೊಂದೇ ಮೇಡಂಗೆ ಬೇಜಾರು.

ಮಕ್ಕಳೆಲ್ಲ ಎಲ್ಲಿ ಹೋದರು ಅಂತ ಕೇಳಿದರೆ ಮೇಡಂ ಕಿಟಕಿಯಿಂದಾಚೆ ಗಲ್ಲ ಎತ್ತಿ ತೋರಿಸುತ್ತಿದ್ದರು. ರಸ್ತೆಯ ಆ ಕಡೆ ಹಳೇ ಕ್ಯಾಥೊಲಿಕ್ ಇಗರ್ಜಿಯ ಕಟ್ಟಡ. ಪಾದ್ರಿಗಳು ಬಿಟ್ಟು ಹೋದ ಮೇಲೆ ಹಾಳು ಬಿದ್ದಿತ್ತು. ಗ್ರ್ಯಾಂಡ್ ರ್‍ಯಾಪಿಡ್ಸಿನ ಒಂದು ಕಂಪನಿ ಬಂದು ಅದಕ್ಕೆ ಬಣ್ಣ ಬಳಿದು, ಬ್ರೈಟ್ ಲ್ಯಾಡರ್ ಅಕಾಡೆಮಿ ಅಂತ ಬೋರ್ಡು ಹಾಕಿ, ಏಣಿಯ ಚಿತ್ರ ಬರೆಸಿತು. ಚಾರ್ಟರ್ ಶಾಲೆ. ಫೀಸಿಲ್ಲ, ದುಡ್ಡು ಸರ್ಕಾರದ್ದೇ, ಯಜಮಾನಿಕೆ ಮಾತ್ರ ಕಂಪನಿಯದು. ಕೇರಿಯವರ ಬಾಯಲ್ಲಿ ಅದು ಏಣಿ ಶಾಲೆ ಆಯಿತು. ಮೊದಲ ವರ್ಷ ಅಲ್ಲಿ ಎರಡು ಕ್ಲಾಸಿದ್ದವು. ಈಗ ಬೆಳಿಗ್ಗೆ ಎಂಟಕ್ಕೆ ಹಳದಿ ಅಂಗಿಯ ಮಕ್ಕಳು ರಸ್ತೆ ತುಂಬ. ಅಲ್ಲಿ ಹೆಚ್ಚಿದಷ್ಟೂ ಇಲ್ಲಿ ಕಮ್ಮಿಯಾಗುತ್ತ ಬಂದು, ಈ ವರ್ಷ ಹೆಡ್ಡಾಫೀಸಿನವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: ಎಣಿಕೆ ಬುಧವಾರ ಮುನ್ನೂರು ಮಕ್ಕಳಿದ್ದರೆ ಸರಿ, ಇಲ್ಲದಿದ್ದರೆ ಜೂನ್‌ಗೆ ಶಾಲೆಗೆ ಬೀಗ.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದಾಗ ಇದ್ದವರು ಇನ್ನೂರಾ ತೊಂಬತ್ತೆಂಟು.

“ಎರಡೇ ತಲೆ ಮೇಡಂ,” ಅಂದ ಕ್ಲಿಯೋಫಸ್. ಬಾಯ್ಲರು, ಬೀಗ, ಬಲ್ಬು ಎಲ್ಲ ನೋಡಿಕೊಳ್ಳುವವನು, ಮೇಡಂ ವಯಸ್ಸಿನವನೇ. “ನಮ್ಮ ಮನೆ ಪಕ್ಕದಲ್ಲಿ ಅವಳಿ ಜವಳಿ ಇದಾವೆ. ಹಿಡ್ಕೊಂಡು ಬರ್ಲಾ?”

“ಅವಕ್ಕಿನ್ನೂ ಹಲ್ಲು ಬಂದಿಲ್ಲ ಕಣೋ.”

“ಹಲ್ಲು ಎಣಿಸ್ತಾರಾ? ತಲೆ ತಾನೇ?”

ಎರಡು ತಲೆಗೆ ತೃಪ್ತಿಪಟ್ಟುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮೇಡಂಗೆ ಏಣಿ ಶಾಲೆಯ ಮೇಲೆ ಹಳೇ ಹೊಟ್ಟೆಯುರಿ. ಪ್ರತಿ ವರ್ಷವೂ ನಡೆಯುವುದು ಒಂದೇ ಆಟ. ಎಣಿಕೆ ಬುಧವಾರದ ತನಕ ಅಲ್ಲಿ ಎಲ್ಲ ಮಕ್ಕಳೂ ಚಿನ್ನ. ಬುಧವಾರ ಕಳೆದು ವಾರದೊಳಗೆ ಅದರಲ್ಲಿ ಒಂದಷ್ಟು ಚಿನ್ನ ತಗಡಾಗುತ್ತದೆ. ತುಂಟರು, ಓದಿನಲ್ಲಿ ಹಿಂದಿರುವವರು, ಬಾಯಿ ಜೋರಿರುವವರು, ಎಲ್ಲರ ತಾಯಂದಿರನ್ನೂ ಕರೆಸಿ “ನಿಮ್ಮ ಮಗುವಿಗೂ ನಮ್ಮ ಶಾಲೆಗೂ ಹೊಂದಲ್ಲ” ಅಂತ ನಯವಾಗಿ ಹೇಳಿ ರಸ್ತೆ ದಾಟಿಸುತ್ತಾರೆ. ಮಗು ಈ ಕಡೆ ಬರುತ್ತದೆ, ದುಡ್ಡು ಆ ಕಡೆ ಉಳಿಯುತ್ತದೆ. “ಪಾರ್ಟಿ ಅವರದು, ಪಾತ್ರೆ ತೊಳೆಯೋದು ನಾವು,” ಅಂತ ಮೇಡಂ ಹಲ್ಲು ಕಡಿಯುತ್ತಿದ್ದರು.

ಆ ಹೊಟ್ಟೆಯುರಿಗೆ ತುಪ್ಪ ಹಾಕಿದ್ದು ಸ್ವಂತ ಮೊಮ್ಮಗಳು ನೈಲಾ. ಒಂಬತ್ತು ವರ್ಷ. ಮೇಡಂ ಮಗಳು ರೊಷೆಲ್ ಎರಡು ವರ್ಷದ ಹಿಂದೆ ಅವಳನ್ನು ಕಾರ್ವಿನ್‌ನಿಂದ ಬಿಡಿಸಿ ಏಣಿ ಶಾಲೆಗೆ ಹಾಕಿದ್ದಳು. ಹೆಡ್‌ಮಿಸ್ ಮೊಮ್ಮಗಳೇ ಎದುರು ಪಾರ್ಟಿಗೆ ಹೋದಳಲ್ಲ ಅಂತ ಕೇರಿಯೆಲ್ಲ ಆಡಿಕೊಂಡು ನಕ್ಕಿತು. ಯಾಕೆ ಬಿಡಿಸಿದೆ ಅಂತ ಮೇಡಂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಅದಕ್ಕೆ.

ಸೆಪ್ಟೆಂಬರಿನ ಒಂದು ಭಾನುವಾರ ಚರ್ಚು ಮುಗಿಸಿ ಮೇಡಂ ಮನೆಯಲ್ಲಿ ಊಟ. ಗ್ರೇವಿಯಲ್ಲಿ ಬೆಂದ ಕೋಳಿ, ಕಾಲರ್ಡ್ ಸೊಪ್ಪು, ಚೀಸ್ ಸುರಿದ ಮ್ಯಾಕರೋನಿ. ನೈಲಾ ಇದ್ದಕ್ಕಿದ್ದ ಹಾಗೆ ಕೈ ಹಿಂದೆ ಕಟ್ಟಿ, ಕೆನ್ನೆ ಉಬ್ಬಿಸಿ, ಅಡುಗೆಮನೆಯಿಂದ ಬಾಗಿಲ ತನಕ ಗೆರೆ ಎಳೆದ ಹಾಗೆ ನಡೆದಳು.

“ಏನೇ ಇದು, ಹಲ್ಲುನೋವಾ?”

“ಅಲ್ಲ ಅಜ್ಜಿ. ಕಾರಿಡಾರಲ್ಲಿ ಹೀಗೇ ನಡೀಬೇಕು. ಬಾಯಿ ತುಂಬ ಗಾಳಿ ಹಿಡ್ಕೊಂಡ್ರೆ ಮಾತಾಡೋಕಾಗಲ್ವಲ್ಲ. ಗಾಳಿ ಬಿಟ್ರೆ ಕಪ್ಪು ಚುಕ್ಕೆ. ಚುಕ್ಕೆ ಜಾಸ್ತಿ ಆದ್ರೆ ಮನೆಗೆ ಕಳಿಸ್ತಾರೆ. ಆಮೇಲೆ ಹೊಂದಲ್ಲ ಅಂತಾರೆ.”

ಮೇಡಂ ಕೈಯಲ್ಲಿದ್ದ ಕೋಳಿ ಕಾಲು ಅಲ್ಲೇ ನಿಂತಿತು. ಹೇಗಿದ್ದರೂ ಓಡಿಸುವವರೇ. ಅಕ್ಟೋಬರಿನಲ್ಲಿ ಓಡಿಸುವುದನ್ನು ಸೆಪ್ಟೆಂಬರಿನಲ್ಲೇ ಓಡಿಸಿದರೆ? ಮಗುವಿನ ಜೊತೆ ದುಡ್ಡೂ ರಸ್ತೆ ದಾಟುತ್ತದಲ್ಲ! ದೇವರೇ, ಇಷ್ಟು ವರ್ಷ ಇದು ಯಾಕೆ ಹೊಳೆಯಲಿಲ್ಲ?

ಚರ್ಚಿನ ಮಕ್ಕಳ ಹಾಡಿನ ತಂಡಕ್ಕೆ ಮೇಡಂ ಅವರೇ ಗುರು. ಅದರಲ್ಲಿ ನೈಲಾ ಸೇರಿ ಹನ್ನೊಂದು ಮಕ್ಕಳು ಏಣಿ ಶಾಲೆಯವರು. ಮುಂದಿನ ಅಭ್ಯಾಸದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಮೇಡಂ ಆ ಹನ್ನೊಂದು ಜನರನ್ನು ಮಾತ್ರ ನಿಲ್ಲಿಸಿಕೊಂಡರು.

“ನಿಮ್ಮ ಶಾಲೆ ಕಾರಿಡಾರು ಎಷ್ಟೆತ್ತರ ಇದೆ?”

“ತುಂಬಾ ಎತ್ತರ ಮಿಸ್! ಮೊದಲು ಇಗರ್ಜಿ ಆಗಿತ್ತಲ್ಲ!”

“ಅಲ್ಲಿ ಹಾಡಿದ್ರೆ ಹೇಗೆ ಕೇಳಬಹುದು?”

ಮಕ್ಕಳು ಮುಖ ಮುಖ ನೋಡಿಕೊಂಡವು. ನೈಲಾಳ ಮುಖದಲ್ಲಿ ಮೆಲ್ಲಗೆ ನಗು ಹರಡಿತು. ಅಜ್ಜಿಯದೇ ನಗು.

“ದೇವರು ಗಂಟಲು ಕೊಟ್ಟಿರೋದು ಗಾಳಿ ತುಂಬಿಡೋಕಲ್ಲ,” ಅಂದರು ಮೇಡಂ. “ನಾನೇನೂ ಹೇಳಿಲ್ಲಪ್ಪ. ಸುಮ್ನೆ ಸಂಗೀತದ ವಿಷಯ ಹೇಳಿದೆ.”

“ಯಾರಾದ್ರೂ ಶ್ ಅಂದ್ರೆ ನಿಲ್ಲಿಸ್ಬೇಕಾ ಮಿಸ್?”

“ನಿಲ್ಲಿಸೋದಾ? ಶ್ ಅಂದ್ರೆ ಶ್ರುತಿ ಒಂದು ಮೆಟ್ಟಿಲು ಮೇಲೆ. ಇನ್ನೊಮ್ಮೆ ಶ್ ಅಂದ್ರೆ ಇನ್ನೊಂದು ಮೆಟ್ಟಿಲು. ಎಲ್ಲಿ, ನೋಡೋಣ.”

ಅವತ್ತು ಸಂಜೆಯೆಲ್ಲ ಮೇಡಂ ಬಾಯಿಗೆ ಬೆರಳಿಟ್ಟು “ಶ್” ಅನ್ನುವುದು, ಹನ್ನೊಂದು ಗಂಟಲು ಮೇಲೇರುವುದು, ಇದೇ ಆಯಿತು. ಮೇಲಿನಿಂದ ಪಾಸ್ಟರು ಇಣುಕಿ, ಮಕ್ಕಳಿಗೆ ಎಷ್ಟು ಶ್ರದ್ಧೆ ಅಂತ ಕಣ್ಣು ಒರೆಸಿಕೊಂಡರು. ಇತ್ತ ಶಾಲೆಯಲ್ಲಿ ಕ್ಲಿಯೋಫಸ್ ಮೂರನೇ ಮಹಡಿಯಿಂದ ಹನ್ನೊಂದು ಡೆಸ್ಕು ಇಳಿಸಿ, ಪಾರಿವಾಳದ ಹಿಕ್ಕೆ ಕೆರೆದು ತೊಳೆದಿಟ್ಟ.

ಆಮೇಲೆ ಮೇಡಂ ಫೋನಿನ ಪಕ್ಕ ಕೂತರು. ಒಂದು ವಾರ ಕೂತರು. ಕಿಟಕಿ ತೆಗೆದರೆ ಹಾಡು ಕೇಳಿಸುತ್ತಿತ್ತು. ಬೆಳಿಗ್ಗೆ ಹಾಡು, ಊಟದ ಹೊತ್ತಿಗೆ ಹಾಡು, ಬಸ್ಸು ಹತ್ತುವಾಗ ಹಾಡು. ಆದರೂ ಒಬ್ಬ ತಾಯಿಯೂ ಅಳುತ್ತ ರಸ್ತೆ ದಾಟಿ ಬರಲಿಲ್ಲ.

ತಡೆಯಲಾರದೆ ಒಂದು ಮಧ್ಯಾಹ್ನ ಮೂಲೆಯ ಕೋನಿ ಅಂಗಡಿಗೆ ಹೋದರು. ಬನ್ನಿನೊಳಗೆ ಸಾಸೇಜು, ಮೇಲೆ ಖಾರದ ಖೀಮಾ, ಈರುಳ್ಳಿ, ಸಾಸಿವೆ. ಮನಸ್ಸು ಕೆಟ್ಟಾಗ ಮೇಡಂಗೆ ಅದೇ ಔಷಧಿ. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಪಕ್ಕದ ಸ್ಟೂಲಿಗೆ ಏಣಿ ಶಾಲೆಯ ಹೆಡ್‌ಮಾಸ್ತರ ಡ್ಯಾರಿಯಸ್ ವಿಟ್ಲೋ ಬಂದು ಕೂತ. ಒಂದು ಕಾಲದಲ್ಲಿ ಮೇಡಂ ಕ್ಲಾಸಿನಲ್ಲೇ ಕೂತು ಡಬ್ಬಿಗಟ್ಟಲೆ ಗೋಂದು ತಿಂದ ಆಸಾಮಿ. ಈಗ ಟೈ.

“ಮಿಸ್! ನಿಮಗೇ ಹೇಳ್ಬೇಕು ಅಂತಿದ್ದೆ. ನಮ್ಮ ಮಕ್ಕಳು ಹಾಡ್ತಾ ಇದಾರೆ, ಕೇಳಿದ್ರಾ?”

“ಕಿವಿ ಇದೆಯಲ್ಲಪ್ಪ. ಕೇಳಿಸ್ತು.”

ಅವನು ಫೋನು ತೆಗೆದು ಮುಖಕ್ಕೇ ಹಿಡಿದ. ಎತ್ತರದ ಕಾರಿಡಾರು, ಹನ್ನೊಂದು ಹಳದಿ ಅಂಗಿ, ನಡುವೆ ನೈಲಾ. ಯಾರೋ ಟೀಚರು ಶ್ ಅನ್ನುತ್ತಾಳೆ, ಹಾಡು ಆಕಾಶಕ್ಕೇರುತ್ತದೆ. “ಫೇಸ್‌ಬುಕ್ಕಲ್ಲಿ ಹಾಕಿದ್ವಿ ಮಿಸ್. ಗ್ರ್ಯಾಂಡ್ ರ್‍ಯಾಪಿಡ್ಸಿಂದ ಯಜಮಾನ್ರೇ ಫೋನ್ ಮಾಡಿ ಶಹಬ್ಬಾಸ್ ಅಂದ್ರು. ಯಾರು ಕಲಿಸಿದ್ರೋ ಏನೋ, ಅವರ ಕೈಗೆ ಮುತ್ತು ಕೊಡ್ಬೇಕು.”

ಮೇಡಂ ಕೈಯನ್ನು ಕೋಟಿನ ಜೇಬಿಗೆ ತುರುಕಿದರು. “ಅಲ್ಲ ಡ್ಯಾರಿಯಸ್, ಕಾರಿಡಾರಲ್ಲಿ ಗದ್ದಲ ಮಾಡಿದ್ರೆ ನಿಮ್ಮಲ್ಲಿ ಕಪ್ಪು ಚುಕ್ಕೆ ಇಲ್ವೇನೋ?”

“ಇದೆ ಮಿಸ್,” ಅವನು ದನಿ ತಗ್ಗಿಸಿದ. “ಆದ್ರೆ ಇದು ಸೆಪ್ಟೆಂಬರ್ ಅಲ್ವಾ?”

ಆಗ ಮೇಡಂಗೆ ತಲೆ ಮೇಲೆ ಯಾರೋ ತಣ್ಣೀರು ಸುರಿದ ಹಾಗಾಯಿತು. ಎಣಿಕೆಗೆ ಮುಂಚೆ ಯಾವ ಹುಚ್ಚ ಮಗುವನ್ನು ಓಡಿಸುತ್ತಾನೆ? ಸೆಪ್ಟೆಂಬರಿನಲ್ಲಿ ಮಗು ಇಗರ್ಜಿಗೆ ಬೆಂಕಿ ಇಟ್ಟರೂ “ಎಂಥಾ ಉತ್ಸಾಹ!” ಅನ್ನುತ್ತಾರೆ. ಈ ಆಟವನ್ನು ವರ್ಷಗಟ್ಟಲೆ ನೋಡಿ, ಬೈದು, ಎಲ್ಲರಿಗೂ ಬಿಡಿಸಿ ಹೇಳಿದವರು ತಾವೇ. ತಮ್ಮ ಸರದಿ ಬಂದಾಗ ಅದರ ಮೊದಲ ಪಾಠವನ್ನೇ ಮರೆತಿದ್ದರು. ದುಡ್ಡು ಕೊಟ್ಟು ಅರ್ಧ ಕೋನಿ ಅಲ್ಲೇ ಬಿಟ್ಟು ಎದ್ದರು.

ಅಷ್ಟಕ್ಕೇ ನಿಂತಿದ್ದರೆ ಬೇಕಾದಷ್ಟಾಗಿತ್ತು. ಆ ಹಾಡಿನ ವಿಡಿಯೋ ಕೇರಿಯ ಫೋನುಗಳನ್ನೆಲ್ಲ ಸುತ್ತಿತು. ಹಾಡು ಕಲಿಸುವ ಶಾಲೆಯಂತೆ ಅಂತ ಕಾರ್ವಿನ್‌ನ ಆರು ಮಕ್ಕಳನ್ನು ತಾಯಂದಿರು ಬಿಡಿಸಿ ಅಲ್ಲಿಗೆ ಹಾಕಿದರು. ಕೊನೆಯವಳು ಬಂದು, “ತಪ್ಪು ತಿಳೀಬೇಡಿ ಮಿಸ್, ನಮ್ಮ ಹುಡುಗನಿಗೆ ಸಂಗೀತ ಅಂದ್ರೆ ಪ್ರಾಣ,” ಅಂತ ಸಮಾಧಾನ ಬೇರೆ ಹೇಳಿ ಹೋದಳು.

“ಮೇಡಂ,” ಅಂದ ಕ್ಲಿಯೋಫಸ್, “ಎರಡು ತಲೆ ಸಾಲ್ತಿರ್ಲಿಲ್ಲ. ಈಗ ಎಂಟು ಸಾಲ್ತಿಲ್ಲ. ನೀವು ಇನ್ನೊಂದು ಹಾಡು ಹೇಳ್ಕೊಟ್ರೆ ಬಾಯ್ಲರ್ ಆರಿಸಿ ನಾನೂ ಅಲ್ಲಿಗೇ ಸೇರ್ಕೋತೀನಿ.”

“ಬಾಯಿ ಮುಚ್ಚೋ.”

“ಮುಚ್ಕೋತೀನಿ. ಗಾಳಿ ತುಂಬ್ಕೊಳ್ಳಾ?”

ಎಣಿಕೆಯ ಹಿಂದಿನ ದಿನ, ಮಂಗಳವಾರ ಮಧ್ಯಾಹ್ನ, ಮೇಡಂ ಮಾನ ಮರ್ಯಾದೆ ಎಲ್ಲ ಪಕ್ಕಕ್ಕಿಟ್ಟು ಮಗಳ ಬ್ಯೂಟಿ ಪಾರ್ಲರಿಗೆ ಹೋದರು. ಹಾಡಿನ ತಂಡದ ಮಕ್ಕಳ ತಾಯಂದಿರೆಲ್ಲ ಜಡೆ ಹಾಕಿಸಿಕೊಳ್ಳುವುದು ರೊಷೆಲ್ ಕೈಯಲ್ಲೇ. ಆ ಕುರ್ಚಿಯಲ್ಲಿ ಕೂತು ಅವಳ ಮಾತು ಮೀರಿದವರಿಲ್ಲ. ರೊಷೆಲ್ ನೈಲಾಳನ್ನು ಬಿಡಿಸಿ ಕಾರ್ವಿನ್‌ಗೆ ತಂದರೆ ಮಿಕ್ಕ ಹತ್ತೂ ಹಿಂದೆ ಬರುತ್ತವೆ. ಶಾಲೆ ಉಳಿಯುತ್ತದೆ.

ರೊಷೆಲ್ ಅಮ್ಮನ ತಲೆ ತೊಳೆದು, ಒಂದು ಪಕ್ಕ ಸುರುಳಿ ಸುತ್ತುವ ತನಕ ಎಲ್ಲ ಕೇಳಿಸಿಕೊಂಡಳು. ಆಮೇಲೆ ಬಾಚಣಿಗೆ ಕೆಳಗಿಟ್ಟಳು.

“ಎರಡನೇ ಕ್ಲಾಸಲ್ಲಿ ನೈಲಾಗೆ ಟೀಚರೇ ಇರ್ಲಿಲ್ಲ ಅಮ್ಮ. ಇಡೀ ವರ್ಷ. ಇವತ್ತೊಬ್ಬರು, ನಾಳೆ ಇನ್ನೊಬ್ಬರು, ನಾಡಿದ್ದು ಟೀವಿ. ಮಗು ಬರ್ತಿದ್ದ ಅಕ್ಷರಾನೂ ಮರೀತು. ನಿನ್ನ ಆಫೀಸಿನ ಪಕ್ಕದ ರೂಮಲ್ಲಿ.”

“ನಾನೇನು ಟೀಚರನ್ನ ಹಿಟ್ಟು ಕಲಸಿ ಮಾಡ್ಲೇನೇ? ಮಕ್ಕಳು ಹೋದ್ರು, ದುಡ್ಡು ಹೋಯ್ತು. ದುಡ್ಡು ಹೋಯ್ತು ಅಂತ ಟೀಚರ್ ಹೋದ್ರು!”

“ಗೊತ್ತು. ಎಲ್ಲರೂ ಹೋದ್ರು, ಅದಕ್ಕೆ ನಾನೂ ಹೋದೆ. ಆದ್ರೆ ನೀನು ಒಂದಿನ, ಒಂದೇ ಒಂದಿನ, ನೈಲಾ ಓದ್ತಾಳಾ ಅಂತ ಕೇಳಿದ್ಯಾ? ಇವತ್ತು ಬಂದಿದೀಯ. ನಾಳೆ ಎಣಿಕೆ ಅಂತ. ನಿಂಗೆ ಬೇಕಾಗಿರೋದು ನೈಲಾನೋ, ಒಂದು ತಲೇನೋ?”

ಡ್ರೈಯರಿನ ಕೆಳಗೆ ಕೂತ ಹೆಂಗಸರು ಪತ್ರಿಕೆ ಓದುತ್ತಿರುವ ಹಾಗೆ ನಟಿಸುತ್ತ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಮೇಡಂ ಕುತ್ತಿಗೆಯ ಟವೆಲು ಕಿತ್ತು ಕುರ್ಚಿಯ ಮೇಲೆ ಹಾಕಿ, ಅರ್ಧ ತಲೆ ಸುರುಳಿ, ಅರ್ಧ ತಲೆ ಒದ್ದೆಯಾಗಿದ್ದ ಹಾಗೇ ಹೊರಟರು. ಅವಮಾನಕ್ಕಿಂತ ಹೆಚ್ಚಾಗಿ, ಮಗಳು ಹೇಳಿದ್ದು ನಿಜ ಅನ್ನುವುದು ಎದೆಯಲ್ಲಿ ಚುಚ್ಚುತ್ತಿತ್ತು.

ಆ ಅರ್ಧ ತಲೆ ಮುಚ್ಚಿಕೊಳ್ಳಲು ಎಣಿಕೆ ಬುಧವಾರ ಅವರು ಚರ್ಚಿನ ದೊಡ್ಡ ನೇರಳೆ ಟೋಪಿ ಹಾಕಿಕೊಂಡೇ ಶಾಲೆಗೆ ಬಂದರು. ಹಬ್ಬಕ್ಕೆ ಅಂತ ಮಕ್ಕಳು ಅಂದುಕೊಂಡವು. ಹಬ್ಬವೇನೋ ಜೋರಾಗಿಯೇ ಆಯಿತು. ಕ್ಲಿಯೋಫಸ್ ಪಿಕಪ್ ಗಾಡಿ ತಗೊಂಡು ಮನೆ ಮನೆ ಬಾಗಿಲು ಬಡಿದು, ನಿದ್ದೆಗಣ್ಣಿನವರನ್ನೂ ಕಾಲಿಗೆ ಪ್ಲಾಸ್ಟರ್ ಹಾಕಿದವನನ್ನೂ ಎತ್ತಿಕೊಂಡು ಬಂದ. ಊಟದ ಹಾಲಿನಲ್ಲಿ ಕೋನಿ, ಕೆಂಪು ಪಾಪ್ ಸೋಡಾ, ಮೇಜುಗಳನ್ನು ಸರಿಸಿ ಸಾಲಾಗಿ ನಿಂತು ಹಸಲ್ ಕುಣಿತ. ಒಂದು ಮಗುವೂ ತಪ್ಪಿಸಿಕೊಂಡಿರಲಿಲ್ಲ. ಹೊಟ್ಟೆ ಉರಿಸಿದ್ದೂ ಅದೇ. ಇದ್ದ ಮಕ್ಕಳೆಲ್ಲ ಬಂದಿದ್ದರೂ ಇನ್ನೂರಾ ತೊಂಬತ್ತೆರಡು.

ಸರಿಯಾಗಿ ಹಾಜರಿ ಕರೆಯುವ ಹೊತ್ತಿಗೆ ರಸ್ತೆಯಾಚೆ ಹಾಡು ಶುರುವಾಯಿತು. ಬಾಗಿಲಲ್ಲಿ ಸ್ಪೀಕರ್ ಇಟ್ಟು ಹಾಡಿಸುತ್ತಿದ್ದರು. ಮೇಡಂ ಕಿಟಕಿ ಮುಚ್ಚಲು ಹೋದವರು ಮುಚ್ಚಲಿಲ್ಲ. ಹಾಳಾದ ಮಕ್ಕಳು, ಎಷ್ಟು ಚೆನ್ನಾಗಿ ಹಾಡಿದವು! ಮೇಲಿನ ದನಿ ನೈಲಾಳದು. ಎಲ್ಲೂ ಜಾರಲಿಲ್ಲ. ಮೇಡಂ ಕೋನಿ ಕಟ್ಟಿಕೊಟ್ಟಿದ್ದ ಕಾಗದದಲ್ಲೇ ಕಣ್ಣೊರೆಸಿಕೊಂಡರು. ಅದಕ್ಕೆ ಸಾಸಿವೆ ಅಂಟಿತ್ತು, ಕಣ್ಣು ಇನ್ನಷ್ಟು ಉರಿಯಿತು.

ಮಾರನೇ ದಿನ ಹೆಡ್ಡಾಫೀಸಿನ ಕೋವಾಲ್ಚಿಕ್ ಫೋನ್ ಮಾಡಿದ. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿಯನ್ನೂ ಹವಾಮಾನ ವಿಚಾರಿಸಿಯೇ ಹೇಳುವವನು.

“ಫೆಬ್ರವರಿಲಿ ಇನ್ನೊಂದು ಎಣಿಕೆ ಇದೆಯಲ್ಲಪ್ಪ,” ಅಂದರು ಮೇಡಂ.

“ಅದು ಚಿಲ್ಲರೆ ಮೇಡಂ. ಅದನ್ನ ಯಾರೂ ನೋಡಲ್ಲ. ಜೂನ್‌ಗೆ ಮುಚ್ತೀವಿ. ನಂಗೂ ಬೇಜಾರೇ.”

ಅದೇ ಗುರುವಾರ ಬೆಳಿಗ್ಗೆ ಏಣಿ ಶಾಲೆಯ ಕಾರಿಡಾರಿಗೆ ಹಳೇ ಕಾನೂನು ವಾಪಸ್ ಬಂತು. ಕೈ ಹಿಂದೆ, ಕೆನ್ನೆ ತುಂಬ ಗಾಳಿ. ಆದರೆ ಆ ಹನ್ನೊಂದಕ್ಕೆ ರುಚಿ ಹತ್ತಿಬಿಟ್ಟಿತ್ತು. ಟೀಚರು ಶ್ ಅಂದಳು, ಹಾಡು ಒಂದು ಮೆಟ್ಟಿಲು ಏರಿತು. ವಿಟ್ಲೋ ಬಂದು ಶ್ ಅಂದ, ಇನ್ನೊಂದು ಮೆಟ್ಟಿಲು. ಟೀಚರುಗಳೆಲ್ಲ ಸೇರಿ ಶ್ ಶ್ ಅಂದಷ್ಟೂ ಹಾಡು ಗಂಟೆಗೋಪುರಕ್ಕೆ ಹತ್ತಿತು. ಶುಕ್ರವಾರವೂ ಇದೇ. ನಿನ್ನೆಯ ತನಕ ಶಹಬ್ಬಾಸ್ ಅನ್ನಿಸಿಕೊಂಡದ್ದಕ್ಕೆ ಇವತ್ತು ಯಾಕೆ ಚುಕ್ಕೆ ಅಂತ ಆ ಮಕ್ಕಳಿಗೆ ಅರ್ಥವಾಗಲಿಲ್ಲ. ಯಾರೂ ಬಿಡಿಸಿ ಹೇಳಲೂ ಇಲ್ಲ. ಕೊನೆಗೆ ತಾಯಂದಿರನ್ನು ಒಟ್ಟಿಗೇ ಕರೆಸಿ, ಹೊಂದಲ್ಲ ಅಂದರು.

ಸೋಮವಾರ ಬೆಳಿಗ್ಗೆ ಕಾರ್ವಿನ್‌ನ ಬಾಗಿಲಲ್ಲಿ ಹನ್ನೊಂದು ಹಳದಿ ಅಂಗಿಗಳು ನಡುಗುತ್ತ ನಿಂತಿದ್ದವು. ಹಿಂದೆ ತಾಯಂದಿರು. ಎಲ್ಲರ ಮುಂದೆ ರೊಷೆಲ್, ನೈಲಾಳ ಕೈ ಬಿಗಿಯಾಗಿ ಹಿಡಿದು.

“ಶ್ ಅಂದ್ರೆ ಜೋರು ಮಾಡ್ಬೇಕು ಅಂತ ಹೇಳ್ಕೊಟ್ಟಿದ್ದು ನೀನೇ ಅಂತೆ.”

ಸುಳ್ಳು ಹೇಳಬಹುದಿತ್ತು. ಮೇಡಂ ಹೇಳಲಿಲ್ಲ. “ಹೌದು. ನಾನೇ. ಸೆಪ್ಟೆಂಬರಲ್ಲೇ ಓಡಿಸ್ತಾರೆ, ನಿಮ್ಮ ಜೊತೆ ದುಡ್ಡೂ ಬರುತ್ತೆ ಅಂತ ಆಸೆ ಬಿದ್ದೆ. ಹೋಗಿ ಹೋಗಿ ನನ್ನ ಮಕ್ಕಳನ್ನೇ ಆಟಕ್ಕಿಟ್ಟೆ.”

ರೊಷೆಲ್ ಕಣ್ಣಲ್ಲಿ ನೀರು ತುಂಬಿತು. ಕೋಪದ್ದೋ, ದುಃಖದ್ದೋ, ಎರಡೂ ಇರಬೇಕು. “ದುಡ್ಡೆಲ್ಲ ಅಲ್ಲೇ ಉಳೀತು. ಇವಳು ಬಂದ್ರೂ ನಿನ್ನ ಶಾಲೆ ಉಳಿಯಲ್ಲ. ಈಗ ಇವಳು ಯಾವ ಲೆಕ್ಕಕ್ಕೂ ಇಲ್ಲ ಅಮ್ಮ. ಈಗ ಹೇಳು. ಬೇಕಾ?”

ಮೇಡಂ ಮೆಟ್ಟಿಲ ಮೇಲೆ ಮಂಡಿಯೂರಿದರು. ಎರಡು ಮಂಡಿಯೂ ಲಟಕ್ ಅಂದವು. ಮೊಮ್ಮಗಳ ಮುಖಕ್ಕೆ ಮುಖ ಕೊಟ್ಟು, ಎರಡು ವರ್ಷದ ಹಿಂದೆ ಕೇಳಬೇಕಾಗಿದ್ದನ್ನು ಕೇಳಿದರು.

“ನಿಂಗೆ ಓದೋಕೆ ಬರುತ್ತೇನೇ ಚಿನ್ನ?”

“ಬರುತ್ತೆ ಅಜ್ಜಿ,” ಅಂದಳು ನೈಲಾ. “ಏಣಿ ಶಾಲೇಲಿ ಕಲಿಸಿದ್ರು.”

ಪೆಟ್ಟು ಬೀಳಬೇಕಾದ ಜಾಗಕ್ಕೇ ಬಿತ್ತು. ಮೇಡಂ ಅದನ್ನು ನುಂಗಿಕೊಂಡು, ಅವಳ ತಲೆ ಸವರಿದರು. “ಒಳ್ಳೇದು. ಅವರಿಗೆ ಪುಣ್ಯ ಬರ್ಲಿ. ಇಲ್ಲಿ ಅದನ್ನ ಮರೆಯೋಕೆ ನಾನು ಬಿಡಲ್ಲ. ನಿಮ್ಮ ಕ್ಲಾಸಿಗೆ ಜೂನ್ ತನಕ ನಾನೇ ಟೀಚರು. ಆಫೀಸು ಹಾಳಾಗಿ ಹೋಗ್ಲಿ, ಹೇಗಿದ್ರೂ ಮುಚ್ತಾರೆ.” ಆಮೇಲೆ ರೊಷೆಲ್ ಕಡೆ ತಿರುಗಿ, “ಎಬ್ಬಿಸೇ ನನ್ನ, ಮಂಡಿ ಹಿಡ್ಕೊಂಡಿದೆ,” ಅಂದರು.

ರೊಷೆಲ್ ನೈಲಾಳ ಕೈ ಬಿಟ್ಟಳು. ಆಮೇಲೆ ಕೈ ಕೊಟ್ಟು ಎಬ್ಬಿಸಿದಳು. “ಸಂಜೆ ಪಾರ್ಲರಿಗೆ ಬಾ,” ಅಂದಳು. “ಆ ಟೋಪಿ ಕೆಳಗಿನ ಇನ್ನರ್ಧ ತಲೆ ನೋಡೋಕಾಗ್ತಿಲ್ಲ.”

ಕ್ಲಿಯೋಫಸ್ ತೊಳೆದಿಟ್ಟಿದ್ದ ಹನ್ನೊಂದು ಡೆಸ್ಕು ಕಾರಿಡಾರಿನ ಕೊನೆಯ ಕೋಣೆಯಲ್ಲಿ ಕಾಯುತ್ತಿದ್ದವು. ಮೇಡಂ ಮುಂದೆ ನಡೆದರು. ಹಿಂದಿನಿಂದ ಒಂದು ಪಿಸುಮಾತೂ ಇಲ್ಲ. ತಿರುಗಿ ನೋಡಿದರೆ ಮಕ್ಕಳು ಸಾಲಾಗಿ ನಿಂತಿದ್ದಾರೆ, ಕೈ ಹಿಂದೆ ಕಟ್ಟಿ, ಕೆನ್ನೆ ಉಬ್ಬಿಸಿಕೊಂಡು. ಯಾರೂ ಹೇಳಿರಲಿಲ್ಲ. ಒಂದು ಸಲ ಓಡಿಸಿಕೊಂಡ ಮಕ್ಕಳು, ಇಲ್ಲಿಂದಲೂ ಓಡಿಸಿಬಿಟ್ಟಾರು ಅನ್ನುವ ಹೆದರಿಕೆ ಪಾಪ. ನೈಲಾಳ ಕೆನ್ನೆ ಎಲ್ಲರಿಗಿಂತ ದೊಡ್ಡದಾಗಿ ಉಬ್ಬಿತ್ತು.

ಮೇಡಂ ಟೋಪಿ ಸರಿಮಾಡಿಕೊಂಡು, ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ತುಟಿಗೆ ಬೆರಳಿಟ್ಟು ಮೆಲ್ಲಗೆ ಅಂದರು.

“ಶ್.”

ಮೊದಲು ನೈಲಾಳ ಕೆನ್ನೆ ಒಡೆಯಿತು. ಅವಳ ಹಿಂದೆ ಮಿಕ್ಕ ಹತ್ತೂ. ಮೇಡಂ ಇನ್ನೊಮ್ಮೆ ಶ್ ಅಂದರು, ಮತ್ತೊಮ್ಮೆ ಅಂದರು. ಹಾಡು ಬಾಯ್ಲರ್ ರೂಮಿಗೂ ಕೇಳಿಸಿತು, ಮೂರನೇ ಮಹಡಿಗೂ ಕೇಳಿಸಿತು, ರಸ್ತೆಯಾಚೆಗೂ ಕೇಳಿಸಿತು.